ಬೆಳಿಗ್ಗೆ 28, ಮಧ್ಯಾಹ್ನ 33: ಟೈರಿನ ಗಾಳಿ ಎಲ್ಲಿಗೆ ಹೋಗಿ ಬಂತು?

ಡಿಸೆಂಬರ್ ತಿಂಗಳ ಒಂದು ಬೆಳಗಿನ ಜಾವ ಬೆಂಗಳೂರಿನಲ್ಲಿ ಕಾರು ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಕುದುರೆ ಲಾಳದ ಆಕಾರ, ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಪಂಕ್ಚರ್ ಎಂದುಕೊಂಡು ನೇರ ಅಂಗಡಿಗೆ ಹೋದೆ. ಅಲ್ಲಿದ್ದ ಹಿರಿಯರು ನಾಲ್ಕೂ ಚಕ್ರ ಬಿಚ್ಚಿ, ಒಂದೊಂದನ್ನೇ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ತಿರುಗಿಸಿ ತಿರುಗಿಸಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. "ತೂತಿಲ್ಲ ಸ್ವಾಮಿ, ಚಳಿ" ಎಂದು ಕೈ ಒರೆಸಿಕೊಂಡರು. ಒಂದು ಗಂಟೆಯ ಕೆಲಸಕ್ಕೆ ಕೊಡಬೇಕಾದ್ದನ್ನು ಕೊಟ್ಟು ಬಂದೆ. ಹತ್ತು ನಿಮಿಷ ಕೂತು ಲೆಕ್ಕ ಹಾಕಿದ್ದರೆ ಆ ದುಡ್ಡು ಉಳಿಯುತ್ತಿತ್ತು.

ಮುಂದೆ ಓದುವ ಮೊದಲು ಒಂದೇ ಒಂದು ಸಾಮಾನು ಕೊಂಡಿಟ್ಟುಕೊಳ್ಳಿ: ಸ್ವಂತದ್ದೊಂದು ಗಾಳಿ ಗೇಜ್. ಈ ಬರಹದ ಮುಕ್ಕಾಲು ಪಾಲು ಪರೀಕ್ಷೆಗಳಿಗೆ ಅದೊಂದೇ ಸಾಕು.

ಮೊದಲು ಆ ಲೆಕ್ಕ

ಪಿಯುಸಿಯಲ್ಲಿ ಓದಿದ್ದೇ. ಮುಚ್ಚಿದ ಪಾತ್ರೆಯಲ್ಲಿರುವ ಅನಿಲದ ಗಾತ್ರ ಬದಲಾಗದಿದ್ದರೆ ಅದರ ಒತ್ತಡವು ಕೆಲ್ವಿನ್ ತಾಪಮಾನಕ್ಕೆ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಬರುವುದು) ಸರಿಯಾಗಿ ಏರುತ್ತದೆ, ಇಳಿಯುತ್ತದೆ. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಗೇ-ಲೂಸಾಕ್ ಹೆಸರಿರುತ್ತದೆ. ಆದರೆ ಅವನಿಗಿಂತ ನೂರು ವರ್ಷ ಮೊದಲೇ, 1700ರ ಆಸುಪಾಸಿನಲ್ಲಿ, ಫ್ರಾನ್ಸಿನ ಗಿಯೋಮ್ ಅಮೊಂಟೊ ಇದನ್ನು ಕಂಡಿದ್ದ. ಟೈರು ಸ್ವಲ್ಪ ಉಬ್ಬುವುದು ನಿಜವಾದರೂ ನಮ್ಮ ಲೆಕ್ಕಕ್ಕೆ ಅದನ್ನು ಗಟ್ಟಿ ಪಾತ್ರೆ ಎಂದುಕೊಂಡರೆ ಸಾಕು.

ಎಡವುವ ಜಾಗ ಒಂದಿದೆ. ಗೇಜು ತೋರಿಸುವುದು ಹೊರಗಿನ ವಾತಾವರಣಕ್ಕಿಂತ ಟೈರಿನೊಳಗೆ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು ಮಾತ್ರ. ಒಳಗಿನ ನಿಜವಾದ ಒತ್ತಡ ಬೇಕೆಂದರೆ ವಾತಾವರಣದ್ದನ್ನೂ ಕೂಡಿಸಬೇಕು. ಸಮುದ್ರ ಮಟ್ಟದಲ್ಲಿ ಅದು 14.7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ; ಆಡುಮಾತಿನಲ್ಲಿ ಪಾಯಿಂಟ್). ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಸುಮಾರು 13.2. ಅಂದರೆ ಗೇಜಿನಲ್ಲಿ 33 ಕಂಡರೆ ಒಳಗಿರುವುದು 46.2. ತಾಪಮಾನ 20 ಡಿಗ್ರಿ ಸೆಲ್ಸಿಯಸ್, ಅಂದರೆ 293 ಕೆಲ್ವಿನ್ ಇದ್ದಾಗ 10 ಡಿಗ್ರಿಯ ಬದಲಾವಣೆಗೆ 46.2ನ್ನು 10ರಿಂದ ಗುಣಿಸಿ 293ರಿಂದ ಭಾಗಿಸಿ: 1.6 ಬರುತ್ತದೆ. ಹತ್ತು ಡಿಗ್ರಿಗೆ ಒಂದೂವರೆ ಪಿಎಸ್‌ಐ ಎಂದು ನೆನಪಿಟ್ಟುಕೊಳ್ಳಿ. ಸ್ಕೂಟರಿಗೂ ಹೆಚ್ಚುಕಡಿಮೆ ಅಷ್ಟೇ.

ಬೆಳಿಗ್ಗೆ ದೀಪ ಹತ್ತುತ್ತದೆ, ಹತ್ತು ಕಿಲೋಮೀಟರ್ ಓಡಿದರೆ ಆರುತ್ತದೆ

ತಾನಾಗಿಯೇ ಆರಿದರೆ ಮೊದಲ ಸಂಶಯ ಚಳಿಯ ಮೇಲೆ ಇರಲಿ. ಏಪ್ರಿಲ್ ಅಥವಾ ಮೇ ತಿಂಗಳ ಮಧ್ಯಾಹ್ನ, ಟೈರಿನೊಳಗಿನ ಗಾಳಿ 40 ಡಿಗ್ರಿಯಷ್ಟು ಬಿಸಿಯಿದ್ದಾಗ ಬಂಕಿನಲ್ಲಿ 33 ತುಂಬಿಸಿಕೊಂಡಿರಿ ಎನ್ನೋಣ. ಅದೇ ಗಾಳಿ ಡಿಸೆಂಬರಿನ 15 ಡಿಗ್ರಿಯ ಬೆಳಿಗ್ಗೆ 29ರ ಹತ್ತಿರ ಬಂದು ನಿಲ್ಲುತ್ತದೆ. ಒಂದು ಹನಿ ಗಾಳಿಯೂ ಹೊರಗೆ ಹೋಗಿಲ್ಲ. ಇದರ ಮೇಲೆ, ಯಾವ ತೂತೂ ಇಲ್ಲದ ಒಳ್ಳೆಯ ಟೈರಿನಿಂದಲೂ ರಬ್ಬರಿನ ಮೂಲಕ ತಿಂಗಳಿಗೆ ಒಂದೆರಡು ಪಿಎಸ್‌ಐ ಸೋರಿಹೋಗುತ್ತದೆ. ಎರಡೂ ಸೇರಿದಾಗ ದೀಪದ ಮಿತಿ ಮುಟ್ಟುತ್ತದೆ. ಓಡಿದಾಗ ಟೈರು ಬಿಸಿಯಾಗಿ ಒತ್ತಡ ಮಿತಿಯಿಂದ ಮೇಲೇರುತ್ತದೆ, ದೀಪ ಆರುತ್ತದೆ, ನಾವೂ ಮರೆತುಬಿಡುತ್ತೇವೆ.

ಮರೆಯಬಾರದು. ದೀಪ ಆರಿದ ಮಾತ್ರಕ್ಕೆ ಗಾಳಿ ಸರಿಯಾಯಿತು ಎಂದಲ್ಲ. ಕಾರು ಕನಿಷ್ಠ ಮೂರು ಗಂಟೆ ನಿಂತ ಮೇಲೆ, ಬಿಸಿಲು ಬೀಳುವ ಮೊದಲು, ನಾಲ್ಕೂ ಟೈರುಗಳನ್ನು ಅಳೆಯಿರಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಕಂಪನಿ ಹೇಳಿದ ಅಂಕಿ ಇರುತ್ತದೆ. ಅದು ತಣ್ಣಗಿರುವ ಟೈರಿನ ಅಂಕಿ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿರುವ ದೊಡ್ಡ ಅಂಕಿಯನ್ನು ನೋಡಿ ತುಂಬಿಸುವವರಿದ್ದಾರೆ. ಅದು ಆ ಟೈರು ತಾಳುವ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಬೇಕಾದದ್ದಲ್ಲ.

ಬಂಕು ಮನೆಯಿಂದ ದೂರವಿದ್ದರೆ ದಾರಿಯಲ್ಲೇ ಟೈರು ಬಿಸಿಯಾಗುತ್ತದಲ್ಲ, ಆಗ ಹೀಗೆ ಮಾಡಿ. ಮನೆಯಲ್ಲಿ ತಣ್ಣಗಿದ್ದಾಗ 29 ಇತ್ತು, ಬೇಕಾದದ್ದು 33. ಕೊರತೆ 4. ಬಂಕಿನ ಗೇಜು 31 ತೋರಿಸಿದರೆ 35ಕ್ಕೆ ತುಂಬಿಸಿ, 32 ತೋರಿಸಿದರೆ 36ಕ್ಕೆ. ಅಲ್ಲಿ ಏನೇ ತೋರಿಸಲಿ, ಅದರ ಮೇಲೆ 4 ಸೇರಿಸುವುದು. ಬಂಕಿನ ಗೇಜು ಒಂದೇ ಸಮನೆ ಹೆಚ್ಚು ಅಥವಾ ಕಡಿಮೆ ತೋರಿಸುವ ಜಾತಿಯದ್ದಾದರೂ ಈ ಉಪಾಯದಲ್ಲಿ ಆ ತಪ್ಪು ಹೊಡೆದುಹೋಗುತ್ತದೆ. "ಮೂವತ್ಮೂರು ಹಾಕಲಾ ಸರ್?" ಎಂದು ಕೇಳಿದ ಹುಡುಗನಿಗೆ ಮೂವತ್ತೈದು ಎಂದರೆ ಒಮ್ಮೆ ನಿಮ್ಮ ಮುಖ ನೋಡುತ್ತಾನೆ. ನೋಡಲಿ.

ಕೆಲವು ಕಾರುಗಳಲ್ಲಿ ಟೈರಿನೊಳಗೆ ಸಂವೇದಕವೇ ಇರುವುದಿಲ್ಲ. ಚಕ್ರ ತಿರುಗುವ ವೇಗದ ವ್ಯತ್ಯಾಸದಿಂದ ಗಾಳಿ ಇಳಿದದ್ದನ್ನು ಊಹಿಸುತ್ತವೆ. ಅಂಥ ಕಾರಿನಲ್ಲಿ ಗಾಳಿ ತುಂಬಿಸಿದ ಮೇಲೆ ರೀಸೆಟ್ ಒತ್ತದಿದ್ದರೆ ದೀಪ ಉರಿಯುತ್ತಲೇ ಇರಬಹುದು. ಕೈಪಿಡಿಯಲ್ಲಿ ಒಂದು ಪುಟ ತೆಗೆದು ನೋಡಿ, ಖರ್ಚಿಲ್ಲ.

ಹೆದ್ದಾರಿಯಲ್ಲಿ ನಿಲ್ಲಿಸಿ ನೋಡಿದರೆ ಗಾಳಿ ಏರಿದೆ

ಬೆಳಿಗ್ಗೆ 33 ತುಂಬಿಸಿ ಹೊರಟಿರಿ. ಚಿತ್ರದುರ್ಗ ದಾಟಿ ಊಟಕ್ಕೆ ನಿಲ್ಲಿಸಿದಾಗ 38. ಗಾಬರಿಯಾಗಬೇಡಿ, ಗಾಳಿ ಬಿಡಲೂ ಬೇಡಿ. ಬಿಸಿಯಾದ ಟೈರಿನ ಒತ್ತಡ ನಾಲ್ಕೈದು ಪಿಎಸ್‌ಐ ಏರುವುದು ಸಹಜ. ಕಂಪನಿಯವರು ಚೀಟಿಯ ಅಂಕಿ ಬರೆಯುವಾಗಲೇ ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ.

ಗಾಳಿ ಬಿಟ್ಟರೆ ಏನಾಗುತ್ತದೆ ನೋಡಿ. ಟೈರಿನೊಳಗೆ 50 ಡಿಗ್ರಿ ಇರುವಾಗ ವಾಲ್ವ್ ಒತ್ತಿ 33ಕ್ಕೆ ಇಳಿಸಿದಿರಿ. ರಾತ್ರಿ ಕಳೆದು 20 ಡಿಗ್ರಿಗೆ ತಣಿದಾಗ ಗೇಜಿನಲ್ಲಿ ಉಳಿಯುವುದು 28.7. ಮರುದಿನ ಬೆಳಿಗ್ಗೆ ಅದನ್ನು ನೋಡಿ ಪಂಕ್ಚರ್ ಅಂಗಡಿಗೆ ಓಡುತ್ತೀರಿ. ತಲೆಬರಹದಲ್ಲಿರುವ 28 ಮತ್ತು 33ರ ಕಥೆ ಇದೇ. ದುಡ್ಡು ಹೋಗುವುದು ಸಣ್ಣ ಮಾತು. ಕಡಿಮೆ ಗಾಳಿಯ ಟೈರು ಹೆಚ್ಚು ಮಡಚಿಕೊಳ್ಳುತ್ತದೆ, ಮಡಚಿಕೊಂಡಷ್ಟೂ ಬಿಸಿಯಾಗುತ್ತದೆ. ಬಿಸಿಯಾಯಿತೆಂದು ಗಾಳಿ ಬಿಟ್ಟವರು ಅದನ್ನು ಇನ್ನಷ್ಟು ಬಿಸಿ ಮಾಡಿದಂತಾಯಿತು. ಬೇಸಿಗೆಯಲ್ಲಿ ಟೈರು ಒಡೆಯಬಾರದೆಂದು ಮೊದಲೇ ಎರಡು ಮೂರು ಪಾಯಿಂಟ್ ಕಡಿಮೆ ತುಂಬಿಸುವ ರೂಢಿ ಕಲಬುರಗಿ, ರಾಯಚೂರು ಕಡೆ ಇಂದಿಗೂ ಇದೆ. ಬಿಸಿಲಿನಲ್ಲಿ ಬೇಕಾದದ್ದು ಅದರ ತದ್ವಿರುದ್ಧ: ಬೆಳಿಗ್ಗೆ ಚೀಟಿಯಲ್ಲಿರುವಷ್ಟು ಪೂರ್ತಿ ಗಾಳಿ.

ಏರಿಕೆ ಎಷ್ಟಿದ್ದರೆ ಅಸಹಜ? ನಾಲ್ಕೂ ಒಟ್ಟಿಗೆ ಏರಿದ್ದರೆ ಚಿಂತೆಯಿಲ್ಲ. ಬಿಸಿಲು ಬೀಳುವ ಬದಿಯ ಎರಡು ಟೈರುಗಳು ಒಂದೆರಡು ಪಾಯಿಂಟ್ ಹೆಚ್ಚಿರುವುದೂ ಸರಿಯೇ. ಒಂದೇ ಟೈರು ಉಳಿದ ಮೂರಕ್ಕಿಂತ ಎದ್ದು ಕಾಣುವಷ್ಟು ಏರಿದ್ದರೆ ಕೆಳಗೆ "ಒಂದೇ ಚಕ್ರ ಸುಡುತ್ತಿದೆ" ಎಂಬ ಭಾಗಕ್ಕೆ ಹೋಗಿ.

ಮೂರು ಸರಿ, ಒಂದು ಮಾತ್ರ ಇಳಿಯುತ್ತಿದೆ

ಇದು ಹವೆಯ ಆಟವಲ್ಲ. ಚಳಿ ನಾಲ್ಕು ಚಕ್ರಗಳಿಗೂ ಒಂದೇ. ಖಚಿತ ಮಾಡಿಕೊಳ್ಳಲು ಮೂರು ದಿನ ಬೆಳಿಗ್ಗೆ ಒಂದೇ ಹೊತ್ತಿಗೆ, ಒಂದೇ ಗೇಜಿನಲ್ಲಿ ಅಳೆದು ಬರೆದಿಡಿ. ಮೊದಲ ದಿನ 33, 33, 33, 33. ಎರಡನೆಯ ದಿನ 32, 32, 30, 32. ಮೂರನೆಯ ದಿನ 32, 32, 28, 32. ಎರಡನೆಯ ದಿನ ಎಲ್ಲವೂ ಒಂದು ಇಳಿದದ್ದು ಚಳಿಯಿಂದ. ಮೂರನೆಯ ಟೈರು ತನ್ನ ಪಾಡಿಗೆ ಇಳಿಯುತ್ತಿರುವುದು ಸೋರಿಕೆಯಿಂದ. ಈ ನಾಲ್ಕು ಅಂಕಿಗಳ ಚೀಟಿ ಹಿಡಿದು ಅಂಗಡಿಗೆ ಹೋದರೆ ಒಂದೇ ಚಕ್ರ ಬಿಚ್ಚಿದರೆ ಸಾಕು.

ಬಿಚ್ಚುವ ಮೊದಲು ಮನೆಯಲ್ಲೇ ನೋಡಬಹುದಾದವು ಇವೆ. ವಾಲ್ವಿನ ಮುಚ್ಚಳ ತೆಗೆದು ಬಾಯಿಗೆ ಒಂದು ತೊಟ್ಟು ಸೋಪಿನ ನೀರು ಬಿಡಿ. ಗುಳ್ಳೆ ಉಬ್ಬುತ್ತ ಬಂದರೆ ಒಳಗಿನ ವಾಲ್ವ್ ಪಿನ್ ಸಡಿಲವಾಗಿದೆ ಅಥವಾ ಅದರಲ್ಲಿ ಮಣ್ಣು ಕೂತಿದೆ. ಪಿನ್ ಬಿಗಿ ಮಾಡುವ ಪುಟ್ಟ ಕೀಲಿಯಿಂದ ತುಸು ತಿರುಗಿಸಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ. ಆದರೆ ಗಾಳಿ ಇರುವಾಗ ಪಿನ್ನನ್ನು ಪೂರ್ತಿ ಬಿಚ್ಚಬೇಡಿ, ಮುಖ ವಾಲ್ವಿನ ಎದುರಿಗೆ ತರಬೇಡಿ. ಬಂದೂಕಿನ ಗುಂಡಿನಂತೆ ಹಾರಿಬರುತ್ತದೆ. ಆಮೇಲೆ ವಾಲ್ವನ್ನು ಬೆರಳಿನಿಂದ ಅತ್ತಿತ್ತ ಬಾಗಿಸಿ ಬುಡಕ್ಕೂ ಸೋಪಿನ ನೀರು ಹಾಕಿ. ರಬ್ಬರಿನ ವಾಲ್ವ್ ಹಳತಾದರೆ ಬುಡದಲ್ಲಿ ಬಿರುಕು ಬಿಡುತ್ತದೆ. ಬಾಗಿಸಿದಾಗ ಮಾತ್ರ ಗುಳ್ಳೆ ಬರುತ್ತದೆ. ಬದಲಿಸಲು ಹೆಚ್ಚು ಖರ್ಚಿಲ್ಲ.

ನಂತರ ನೆಲ ಮುಟ್ಟುವ ಮೈಯಲ್ಲಿ ಮೊಳೆ ಹುಡುಕಿ. ಸಿಕ್ಕರೆ ಕೀಳಲು ಹೋಗಬೇಡಿ. ಟ್ಯೂಬ್‌ಲೆಸ್ ಟೈರಿನಲ್ಲಿ ಆ ಮೊಳೆಯೇ ಬಿರಡೆಯಂತೆ ಗಾಳಿ ಹಿಡಿದಿಟ್ಟಿರುತ್ತದೆ. ಹಾಗೆಯೇ ನಿಧಾನವಾಗಿ ಅಂಗಡಿಗೆ ಹೋಗಿ. ಮೊಳೆ ಹೊಕ್ಕಿರುವುದು ಟೈರಿನ ಪಕ್ಕೆಯಲ್ಲಾದರೆ ಸ್ಟ್ರಿಪ್ ಹಾಕಿಸಿಕೊಂಡು ಸಮಾಧಾನಪಟ್ಟುಕೊಳ್ಳಬೇಡಿ. ಮಡಚುವ ಜಾಗದಲ್ಲಿ ಯಾವ ತೇಪೆಯೂ ನಿಲ್ಲುವುದಿಲ್ಲ, ಟೈರು ಬದಲಿಸಬೇಕು.

ಎಲ್ಲವೂ ಸರಿಯಿದ್ದೂ ಇಳಿಯುತ್ತಿದ್ದರೆ ಉಳಿಯುವುದು ಟೈರಿನ ಅಂಚು ರಿಮ್ಮಿಗೆ ಕೂರುವ ಜಾಗ. ಕರಾವಳಿಯ ಉಪ್ಪುಗಾಳಿಯಲ್ಲಿ ಕಬ್ಬಿಣದ ರಿಮ್ಮಿನ ಅಂಚು ತುಕ್ಕು ಹಿಡಿದು ಒರಟಾಗುತ್ತದೆ, ಗಾಳಿ ಎಳೆಎಳೆಯಾಗಿ ಜಾರುತ್ತದೆ. ಸೋಪಿನ ನೀರು ಸುರಿದರೆ ಒಂದು ಕಡೆ ದೊಡ್ಡ ಗುಳ್ಳೆ ಬರುವುದಿಲ್ಲ, ಅಂಚಿನುದ್ದಕ್ಕೂ ಸಾಸಿವೆ ಗಾತ್ರದ ನೊರೆ ಕಟ್ಟುತ್ತದೆ. ಈ ಸೋರಿಕೆಗೆ ಒಂದು ವಿಚಿತ್ರ ಸ್ವಭಾವವಿದೆ: ಚಳಿಯಲ್ಲಿ ಹೆಚ್ಚು, ಬಿಸಿಯಲ್ಲಿ ಕಡಿಮೆ. ತಣ್ಣಗಾದ ರಬ್ಬರು ಗಡುಸಾಗುವುದರಿಂದ ರಿಮ್ಮಿಗೆ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಆದ್ದರಿಂದ ಮಧ್ಯಾಹ್ನ ಅಂಗಡಿಗೆ ಒಯ್ದರೆ "ಏನೂ ಇಲ್ಲ" ಎಂದು ಕಳಿಸುತ್ತಾರೆ. ಬೆಳಿಗ್ಗೆ ಎದ್ದು ಸೋಪಿನ ನೀರು ಹಾಕಿ, ನೊರೆಯ ಫೋಟೋ ತೆಗೆದುಕೊಂಡು ಹೋಗಿ. ಟೈರು ಬಿಚ್ಚಿ ರಿಮ್ಮಿನ ಅಂಚು ಉಜ್ಜಿ ಕೂರಿಸುವ ಕೆಲಸ ಅಂಗಡಿಯದ್ದು, ಮನೆಯದ್ದಲ್ಲ.

ಘಾಟಿ ಹತ್ತಿದ ಮೇಲೆ ಗೇಜು ಒಗಟಾಗಿದೆ

ಮಂಗಳೂರಿನಲ್ಲಿ ಬೆಳಿಗ್ಗೆ ತುಂಬಿಸಿ ಮಡಿಕೇರಿಗೆ ಹೋದವರು ಮರುದಿನ ಅಳೆದರೆ ಹೆಚ್ಚುಕಡಿಮೆ ಅದೇ ಅಂಕಿ ಕಾಣಬಹುದು. ಅಷ್ಟು ಚಳಿಯಿದ್ದೂ ಏಕೆ ಇಳಿಯಲಿಲ್ಲ? ಮಡಿಕೇರಿ ಸುಮಾರು 1,170 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ವಾತಾವರಣದ ಒತ್ತಡ 12.8 ಪಿಎಸ್‌ಐ ಆಸುಪಾಸಿಗೆ ಇಳಿದಿರುತ್ತದೆ. ಗೇಜು ತೋರಿಸುವುದು ಒಳಗಿನ, ಹೊರಗಿನ ವ್ಯತ್ಯಾಸವನ್ನಾದ್ದರಿಂದ ಎತ್ತರವೊಂದೇ ಅದನ್ನು ಸುಮಾರು 1.9 ಮೇಲೇರಿಸುತ್ತದೆ. ಹತ್ತು ಹನ್ನೆರಡು ಡಿಗ್ರಿಯ ಚಳಿ ಅಷ್ಟನ್ನೇ ಕೆಳಗಿಳಿಸುತ್ತದೆ. ಒಂದು ಕೊಟ್ಟದ್ದನ್ನು ಇನ್ನೊಂದು ಕಸಿದುಕೊಂಡಿತು, ಅಷ್ಟೇ.

ಬೈಕಿನಲ್ಲಿ ಲಡಾಖಿಗೆ ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಲೇಹ್‌ನ 3,500 ಮೀಟರಿನಲ್ಲಿ ಎತ್ತರದಿಂದಲೇ ಐದು ಪಾಯಿಂಟ್ ಏರಿಕೆ. ಅಲ್ಲಿ ಹೆಚ್ಚಾಯಿತೆಂದು ಬಿಟ್ಟ ಗಾಳಿಯನ್ನು ಬಯಲಿಗೆ ಇಳಿದ ಮೇಲೆ ಮರೆಯದೆ ತುಂಬಿಸಬೇಕು.

ಬಿಸಿಲಿನಲ್ಲಿ ನಿಲ್ಲಿಸಿದ ಸೈಕಲ್ಲಿನ ಟ್ಯೂಬು ಢಮ್ ಎಂದಿತು

ಶಾಲೆಯ ಮುಂದೆ ನಿಲ್ಲಿಸಿದ ಸೈಕಲ್ ಮಧ್ಯಾಹ್ನ ಒಡೆದ ಶಬ್ದ ಕೇಳದ ಉತ್ತರ ಕರ್ನಾಟಕದವರು ಇಲ್ಲವೇನೋ. ಗಾಳಿ ಹಿಗ್ಗಿ ಒಡೆಯಿತು ಎನ್ನುತ್ತೇವೆ. ಲೆಕ್ಕ ಅದನ್ನು ಪೂರ್ತಿ ಒಪ್ಪುವುದಿಲ್ಲ. 50 ಪಿಎಸ್‌ಐ ತುಂಬಿದ ಟೈರು 30ರಿಂದ 60 ಡಿಗ್ರಿಗೆ ಕಾದರೂ ಏರುವುದು 56ಕ್ಕೆ ಮಾತ್ರ. ಒಳ್ಳೆಯ ಟೈರಿಗೆ ಆ ಆರು ಪಾಯಿಂಟ್ ಒಂದು ಹೊರೆಯೇ ಅಲ್ಲ. ಕಾದದ್ದು ಗಾಳಿಯೊಂದೇ ಅಲ್ಲ ಎಂಬುದನ್ನು ನಾವು ಮರೆಯುತ್ತೇವೆ: ಹಳೆಯ ತೇಪೆಯ ಸೊಲ್ಯೂಷನ್ ಮೆತ್ತಗಾಗಿರುತ್ತದೆ, ಟೈರಿನ ಸವೆದ ಅಂಚಿನಿಂದ ಟ್ಯೂಬು ಗುಳ್ಳೆಯಂತೆ ಹೊರಗೆ ಇಣುಕಿರುತ್ತದೆ. ಒಡೆದ ಟ್ಯೂಬನ್ನು ಹೊರತೆಗೆದು ನೋಡಿ. ಹರಿದದ್ದು ತೇಪೆಯ ಪಕ್ಕದಲ್ಲಾದರೆ ತೇಪೆಯ ತಪ್ಪು. ಉದ್ದಕ್ಕೆ ಸೀಳಿದ್ದರೆ ಟೈರಿನ ಅದೇ ಜಾಗದಲ್ಲಿ ಬೆರಳಾಡಿಸಿ, ಬಟ್ಟೆಯ ಎಳೆ ಕಿತ್ತಿರುವುದು ಸಿಗುತ್ತದೆ. ಟೈರು ಬದಲಿಸದೆ ಹೊಸ ಟ್ಯೂಬು ಹಾಕಿದರೆ ಅದರ ಗತಿಯೂ ಅಷ್ಟೇ. ನೆರಳಿನಲ್ಲಿ ನಿಲ್ಲಿಸುವುದು ಹೇಗೂ ಪುಕ್ಕಟೆ.

ಒಂದೇ ಚಕ್ರ ಸುಡುತ್ತಿದೆ

ಇಲ್ಲಿಂದ ಮುಂದೆ ಮನೆಮದ್ದು ನಡೆಯುವುದಿಲ್ಲ. ದೂರದ ಓಟದ ನಂತರ ನಿಲ್ಲಿಸಿದಾಗ ಅಂಗೈಯನ್ನು ಒಂದೊಂದೇ ಚಕ್ರದ ಹತ್ತಿರ ಒಯ್ದು ನೋಡಿ, ಮುಟ್ಟಬೇಡಿ. ಬಿಸಿ ರಿಮ್ಮಿನಿಂದ ಬರುತ್ತಿದ್ದರೆ ಬ್ರೇಕು ಹಿಡಿದುಕೊಂಡಿದೆ. ಅದೇ ಚಕ್ರದ ಗಾಳಿಯೂ ಏರಿರುತ್ತದೆ. ಸುಟ್ಟ ವಾಸನೆ ಅದಕ್ಕೆ ಸಾಕ್ಷಿ. ಬಿಸಿ ಟೈರಿನ ಪಕ್ಕೆಯಿಂದ ಬರುತ್ತಿದ್ದರೆ ಗಾಳಿ ಕಡಿಮೆಯಿತ್ತು. ವಿಚಿತ್ರವೆಂದರೆ ಗೇಜು ಆಗಲೂ ಸುಳ್ಳು ಸಮಾಧಾನ ಹೇಳಬಹುದು: 27 ಇದ್ದ ಟೈರು ಕಾದು 33 ತೋರಿಸುತ್ತದೆ. ಪಕ್ಕದ ಮೂರು 38 ಇರುವಾಗ ಇದೊಂದು 33 ಇದ್ದರೆ ಅದು ಸರಿಯಾದ ಟೈರಲ್ಲ, ಸೋರುವ ಟೈರು.

ಯಾವುದೇ ಆದರೂ ಅಲ್ಲಿಂದ ಮುಂದೆ ಓಡಿಸಬೇಡಿ. ತಣ್ಣಗಾಗಲೆಂದು ನೀರು ಸುರಿಯಬೇಡಿ, ಕಾದ ಲೋಹ ಬಿರುಕು ಬಿಡಬಹುದು. ಹೊಗೆ ಕಂಡರೆ ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಿ, ಚಕ್ರದ ಎದುರಿಗೆ ಯಾರೂ ನಿಲ್ಲದಿರಲಿ. ಲಾರಿ, ಬಸ್ಸಿನ ಟೈರಿನಲ್ಲಿ ಒತ್ತಡ ಕಾರಿನ ಮೂರು ಪಟ್ಟು ಇರುತ್ತದೆ, ಒಡೆದರೆ ಜೀವ ತೆಗೆಯುತ್ತದೆ. ಟೈರು ಬಿಚ್ಚದೆ ರಿಮ್ಮಿಗೆ ವೆಲ್ಡಿಂಗ್ ಮಾಡುವುದನ್ನು ಹಳ್ಳಿಯ ಗ್ಯಾರೇಜುಗಳಲ್ಲಿ ಕಂಡರೆ ತಡೆಯಿರಿ. ಒಳಗಿನ ರಬ್ಬರು ಕಾದು ಉರಿಯುವ ಅನಿಲ ಬಿಡುತ್ತದೆ. ಗಾಳಿ ಬಿಟ್ಟಿದ್ದೇವೆ ಎಂಬ ಧೈರ್ಯವೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಪಕ್ಕೆಯಲ್ಲಿ ಬಾವು ಎದ್ದಂಥ ಉಬ್ಬು ಕಂಡರೆ, ಅಥವಾ ಗಾಳಿಯಿಲ್ಲದೆ ಒಂದಷ್ಟು ದೂರ ಓಡಿದ್ದರೆ ಆ ಟೈರಿಗೆ ಮತ್ತೆ ಗಾಳಿ ತುಂಬಿಸಿ ಹೊರಡಬೇಡಿ. ಒಳಗಿನ ಎಳೆಗಳು ಕತ್ತರಿಸಿರುತ್ತವೆ, ತುಂಬಿಸುವಾಗಲೇ ಸಿಡಿಯಬಹುದು. ಬಿಚ್ಚಿ ಒಳಭಾಗ ನೋಡುವವರ ಕೈಗೆ ಕೊಡಿ. ಕಪ್ಪು ರಬ್ಬರು ಪುಡಿ ಉದುರಿದರೆ ಆ ಟೈರಿನ ಆಯಸ್ಸು ಮುಗಿಯಿತು. ವಯಸ್ಸನ್ನೂ ನೋಡಿ: ಪಕ್ಕೆಯ ಮೇಲೆ ಇಂಗ್ಲಿಷಿನಲ್ಲಿ DOT ಎಂದಿರುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದರೆ 2019ರ 23ನೆಯ ವಾರ.

ನೈಟ್ರೋಜನ್ ಹಾಕಿಸಿದರೆ ಈ ರಗಳೆ ಇರುವುದಿಲ್ಲವಂತೆ

ಇರುತ್ತದೆ. ಅಮೊಂಟೊನ ಲೆಕ್ಕಕ್ಕೆ ಅನಿಲ ಯಾವುದಾದರೂ ಒಂದೇ. ನಮ್ಮ ಸಾಮಾನ್ಯ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಶುದ್ಧ ನೈಟ್ರೋಜನ್ ರಬ್ಬರಿನ ಮೂಲಕ ಸ್ವಲ್ಪ ನಿಧಾನವಾಗಿ ಸೋರುತ್ತದೆ, ಅದರಲ್ಲಿ ತೇವ ಇರುವುದಿಲ್ಲ. ಇಷ್ಟು ನಿಜ. ಪುಕ್ಕಟೆ ಹಾಕಿದರೆ ಹಾಕಿಸಿಕೊಳ್ಳಿ. ಚಳಿಗಾಲದ ಬೆಳಿಗ್ಗೆ ಅದೂ ಇಳಿಯುತ್ತದೆ.

ಡಿಕ್ಕಿಯಲ್ಲಿರುವ ಐದನೆಯದು

ಸ್ಟೆಪ್ನಿಗೆ ದೀಪವಿಲ್ಲ, ಅದು ಓಡುವುದೂ ಇಲ್ಲ, ಆದರೆ ಪ್ರತಿ ತಿಂಗಳೂ ಸೋರುತ್ತದೆ. ಕಾರು ತಂದ ದಿನದಿಂದ ಯಾರೂ ಮುಟ್ಟದ ಸ್ಟೆಪ್ನಿ ಬೇಕಾದ ದಿನ ಮೆತ್ತಗಿರುತ್ತದೆ. ಸಾಮಾನ್ಯ ಗಾತ್ರದ್ದಾದರೆ ಚೀಟಿಯಲ್ಲಿರುವುದಕ್ಕಿಂತ ಮೂರು ನಾಲ್ಕು ಪಾಯಿಂಟ್ ಹೆಚ್ಚೇ ತುಂಬಿಸಿಡಿ, ಬೇಕಾದಾಗ ಬಿಡುವುದು ಸುಲಭ. ಕಿರಿದಾದ ತಾತ್ಕಾಲಿಕ ಚಕ್ರಕ್ಕೆ ಮಾತ್ರ ಅದರ ಮೇಲೆ ಬರೆದಿರುವ ಅಂಕಿಯೇ ಲೆಕ್ಕ. ಸಾಮಾನ್ಯವಾಗಿ 60 ಇರುತ್ತದೆ. ಈ ಬರಹ ಮುಗಿಸುವ ಮೊದಲು ಎದ್ದುಹೋಗಿ ನನ್ನದನ್ನು ಅಳೆದೆ: 19.